ಹುಡುಕದಿದ್ದರೂ ಬರುವ ಅಶ್ಲೀಲ ವಿಡಿಯೋಗಳು: ಮಕ್ಕಳ ಫೋನ್ ಹದಕ್ಕೆ ತರುವುದು ಹೇಗೆ?

ಸೋದರಳಿಯ ಸೋಫಾದ ಮೂಲೆಯಲ್ಲಿ ಕೂತು ರೀಲ್ಸ್ ನೋಡುತ್ತಿದ್ದ. ನಾನು ಪಕ್ಕಕ್ಕೆ ಬಂದು ಕೂತದ್ದೇ ತಡ, ಫೋನನ್ನು ಮಗುಚಿ ತೊಡೆಯ ಮೇಲಿಟ್ಟ. ಹದಿಮೂರು ವರ್ಷದ ಹುಡುಗ, ಕಿವಿ ಕೆಂಪಾಗಿತ್ತು. ನಾನಿನ್ನೂ ಏನೂ ಕೇಳಿರಲಿಲ್ಲ, ಅವನೇ ಬಾಯಿಬಿಟ್ಟ: "ಮಾಮ, ನಾನು ಹುಡುಕಿದ್ದಲ್ಲ. ಅದೇ ಬಂತು."

ಸಿಕ್ಕಿಬಿದ್ದವರೆಲ್ಲ ಹೇಳುವ ಮಾತು ಅಂತ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅನುಮಾನ ಬಂದು ಇಬ್ಬರೂ ಸೇರಿ ಆ ಆ್ಯಪ್‌ನ ಹಿಸ್ಟರಿ ತೆಗೆದು ನೋಡಿದೆವು. ಅವನು ಹುಡುಕಿದ್ದು ಒಂದು ಗೇಮ್‌ನ ಹೆಸರು, ಫುಟ್‌ಬಾಲ್ ಗೋಲುಗಳು, ಆಮೇಲೆ "ಮನೆಯಲ್ಲೇ ಪುಷ್‌ಅಪ್". ಪುಷ್‌ಅಪ್ ಬೆನ್ನಿಗೆ ಜಿಮ್ ವಿಡಿಯೋಗಳು, ಜಿಮ್ ಬೆನ್ನಿಗೆ ಜಿಮ್ ಬಟ್ಟೆ ತೊಟ್ಟವರು, ಅಲ್ಲಿಂದ ಮುಂದಕ್ಕೆ ಬಟ್ಟೆ ಕಡಿಮೆಯಾಗುತ್ತಲೇ ಹೋಗಿತ್ತು. ನಡುವೆ ಕ್ಲಾಸಿನ ಗೆಳೆಯನೊಬ್ಬ ಕಳಿಸಿದ್ದ ಎರಡು ರೀಲ್‌ಗಳು ಉಳಿದ ಕೆಲಸ ಮುಗಿಸಿದ್ದವು. ಹುಡುಗ ಹೇಳಿದ್ದು ನಿಜವೇ ಆಗಿತ್ತು.

ಬಂಧುಬಳಗದಲ್ಲಿ ಫೋನ್ ರಿಪೇರಿಯ ಪುರೋಹಿತ ನಾನೇ. "ಮಕ್ಕಳ ಫೋನಿಗೆ ಏನಾದರೂ ಹಾಕಿಕೊಡು" ಎಂದು ಕೇಳುವವರಿಗೆಲ್ಲ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಸೆಟ್ಟಿಂಗ್ಸ್ ಕೆಲಸ ಒಂದು ಗಂಟೆಯದ್ದು. ಅದರ ನಂತರ ಎಲ್ಲವೂ ನಿಂತಿರುವುದು ಆ "ಅದೇ ಬಂತು" ಎಂಬ ಮಾತನ್ನು ಮಗು ನಿಮ್ಮ ಹತ್ತಿರ ಹೇಳುತ್ತದೋ ಇಲ್ಲವೋ ಎಂಬುದರ ಮೇಲೆ.

ಹಂತ 1: ಯಾವ ದಾರಿಯಲ್ಲಿ ಬರುತ್ತಿದೆ ನೋಡಿ

ಅಶ್ಲೀಲ ಸೈಟ್‌ಗಳನ್ನು ಬ್ಲಾಕ್ ಮಾಡಿಸಿ ನಿಶ್ಚಿಂತೆಯಾಗಿ ಮಲಗುವವರೇ ಹೆಚ್ಚು. ಅದು ಹಿತ್ತಿಲ ಬಾಗಿಲಿಗೆ ಬೀಗ ಹಾಕಿ ಮುಂಬಾಗಿಲು ತೆರೆದಿಟ್ಟ ಹಾಗೆ. ಇಂಗ್ಲೆಂಡಿನ ಮಕ್ಕಳ ಆಯುಕ್ತರ ಕಚೇರಿ 2023ರಲ್ಲಿ ಹೊರತಂದ ವರದಿಯಲ್ಲಿ, ಅಶ್ಲೀಲ ದೃಶ್ಯ ಎಲ್ಲಿ ಕಂಡಿರಿ ಎಂದು ಯುವಜನರನ್ನು ಕೇಳಿದಾಗ ಶೇ. 41 ಮಂದಿ ಹೇಳಿದ್ದು ಟ್ವಿಟರ್. ಅದಕ್ಕೆಂದೇ ಇರುವ ಸೈಟ್‌ಗಳನ್ನು ಹೇಳಿದವರು ಶೇ. 37. ಅದೇ ವರ್ಷ ಹೊರಬಂದ ವರದಿಗಾಗಿ ಅಮೆರಿಕದ ಕಾಮನ್ ಸೆನ್ಸ್ ಮೀಡಿಯಾ ಸಂಸ್ಥೆ 13ರಿಂದ 17 ವರ್ಷದವರನ್ನು ಕೇಳಿತ್ತು. ಮೊದಲ ಸಲ ಕಂಡ ಸರಾಸರಿ ವಯಸ್ಸು 12. ತಾನಾಗಿ ಹುಡುಕದೆ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದದ್ದುಂಟು ಎಂದವರು ಶೇ. 58.

ದಾರಿಗಳು ಮುಖ್ಯವಾಗಿ ನಾಲ್ಕು: ಆ್ಯಪ್ ತಾನಾಗಿ ತೋರಿಸುವ ಫೀಡ್, ಗೆಳೆಯರ ಗ್ರೂಪಿನ ಫಾರ್ವರ್ಡ್, ಗುರುತಿಲ್ಲದವರ ಮೆಸೇಜ್, ಕಾಮೆಂಟ್‌ಗಳಲ್ಲಿ ಹುಡುಗಿಯ ಫೋಟೋ ಹಾಕಿಕೊಂಡು "ನನ್ನ ಪ್ರೊಫೈಲ್ ನೋಡಿ" ಎನ್ನುವ ನಕಲಿ ಖಾತೆಗಳು. ಕೊನೆಯ ಎರಡು ದಾರಿಗಳು ಸಾಮಾನ್ಯವಾಗಿ ಬೇರೊಂದು ಆ್ಯಪಿಗೆ ಎಳೆದುಕೊಂಡು ಹೋಗುತ್ತವೆ.

ಫೀಡ್ ಕೆಲಸ ಮಾಡುವ ಬಗೆಯನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹಿರಿಯರು ಎಡವುವುದು ಇಲ್ಲೇ. ಲೈಕ್ ಒತ್ತಿದರೆ ಮಾತ್ರ ಆ್ಯಪಿಗೆ ನಮ್ಮ ರುಚಿ ತಿಳಿಯುತ್ತದೆ ಎಂದುಕೊಂಡಿದ್ದೇವೆ. ಆದರೆ ಅದು ಮುಖ್ಯವಾಗಿ ಅಳೆಯುವುದು ಬೆರಳು ನಿಂತ ಹೊತ್ತನ್ನು. ಉದ್ದದ ವಿಡಿಯೋವನ್ನು ಕೊನೆವರೆಗೆ ನೋಡಿದರೆ ಅದನ್ನು ಬಲವಾದ ಆಸಕ್ತಿ ಎಂದು ಲೆಕ್ಕ ಹಾಕುತ್ತೇವೆ ಎಂದು ಟಿಕ್‌ಟಾಕ್ 2020ರಲ್ಲೇ ಹೇಳಿಕೊಂಡಿತ್ತು. ಈಗ ಯೋಚಿಸಿ. ಹನ್ನೆರಡರ ಹುಡುಗಿಯ ಮುಂದೆ ತಟ್ಟನೆ ಏನೋ ಬರುತ್ತದೆ. ಬೆಚ್ಚಿಬಿದ್ದು ನಾಲ್ಕು ಸೆಕೆಂಡ್ ಹಾಗೇ ನೋಡುತ್ತಾಳೆ. ಗಾಬರಿಯ ನಾಲ್ಕು ಸೆಕೆಂಡಿಗೂ ಖುಷಿಯ ನಾಲ್ಕು ಸೆಕೆಂಡಿಗೂ ಯಂತ್ರಕ್ಕೆ ವ್ಯತ್ಯಾಸ ಗೊತ್ತಿಲ್ಲ. "ಥೂ, ಇದೇನೇ ಇದು" ಎಂದು ಗೆಳತಿಗೆ ಕಳಿಸಿದರೆ ಇನ್ನೂ ಕಷ್ಟ, ಶೇರ್ ಮಾಡಿದ ಲೆಕ್ಕ ಅವಳ ಖಾತೆಗೇ ಸೇರುತ್ತದೆ.

ಪೂರ್ತಿ ನಗ್ನತೆಯನ್ನು ಇನ್‌ಸ್ಟಾಗ್ರಾಮ್, ಯೂಟ್ಯೂಬ್‌ನಂಥ ಆ್ಯಪ್‌ಗಳು ತೆಗೆದುಹಾಕುತ್ತವೆ. ನಿಯಮದ ಗೆರೆಯ ಈಚೆ ಕೂತು ಆಚೆಗೆ ಕಣ್ಣು ಹೊಡೆಯುವಂಥವು ಉಳಿದುಕೊಳ್ಳುತ್ತವೆ. ಇನ್ನು ಎಕ್ಸ್‌ನ (ಹಳೆಯ ಟ್ವಿಟರ್) ನಿಯಮವೇ ಬೇರೆ: 2024ರಿಂದ ವಯಸ್ಕರ ದೃಶ್ಯಗಳಿಗೆ ಅಲ್ಲಿ ಲಿಖಿತ ಅನುಮತಿಯೇ ಇದೆ, 18 ತುಂಬದವರಿಗೆ ಕಾಣಿಸಬಾರದು ಎಂಬ ಷರತ್ತಿನ ಮೇಲೆ. ಆ ಷರತ್ತು ಹೆಚ್ಚಾಗಿ ನಿಂತಿರುವುದು ಖಾತೆಯಲ್ಲಿ ಬರೆದ ಹುಟ್ಟಿದ ದಿನಾಂಕದ ಮೇಲೆ.

ಹಂತ 2: ಹುಟ್ಟಿದ ದಿನಾಂಕ ಸರಿಮಾಡಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ಅಮೆರಿಕದ 1998ರ ಮಕ್ಕಳ ಖಾಸಗಿತನದ ಕಾಯ್ದೆಯಿಂದಾಗಿ ಹೆಚ್ಚಿನ ಆ್ಯಪ್‌ಗಳು 13ಕ್ಕಿಂತ ಕಡಿಮೆ ವಯಸ್ಸಿನವರನ್ನು ಸೇರಿಸಿಕೊಳ್ಳುವುದಿಲ್ಲ. ಹತ್ತು ವರ್ಷದ ಮಗು ಏನು ಮಾಡುತ್ತದೆ? ಇಸವಿಯ ಚಕ್ರವನ್ನು ಒಮ್ಮೆ ಜೋರಾಗಿ ತಿರುಗಿಸುತ್ತದೆ. ಎಲ್ಲಿ ನಿಂತಿತೋ ಅದೇ ಹುಟ್ಟಿದ ವರ್ಷ. ಎಷ್ಟೋ ಸಲ ಹೀಗೆ ತಿರುಗಿಸಿಕೊಟ್ಟವರು ಅಪ್ಪ ಅಮ್ಮಂದಿರೇ.

ನನ್ನ ಸೋದರಳಿಯ ಆ ಆ್ಯಪ್‌ನ ಲೆಕ್ಕದಲ್ಲಿ 1994ರಲ್ಲಿ ಹುಟ್ಟಿದವನು. ಮೂವತ್ತು ದಾಟಿದ ಗಂಡಸಿಗೆ ಏನು ತೋರಿಸಬಹುದೋ ಅದನ್ನು ತೋರಿಸಿದೆ, ಆ್ಯಪಿನ ತಪ್ಪೆಷ್ಟು, ನಮ್ಮದೆಷ್ಟು?

ಇನ್‌ಸ್ಟಾಗ್ರಾಮ್ 2024ರ ಸೆಪ್ಟೆಂಬರ್‌ನಲ್ಲಿ 'ಟೀನ್ ಅಕೌಂಟ್' ತಂದಿತು. ಅದರಲ್ಲಿ ಖಾತೆ ತಾನಾಗಿ ಪ್ರೈವೇಟ್ ಆಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಹಾಕಲಾಗದು, ಸೂಕ್ಷ್ಮ ದೃಶ್ಯಗಳ ಮೇಲೆ ಬಿಗಿ ಇರುತ್ತದೆ, 16 ತುಂಬದವರು ಇದನ್ನು ಸಡಿಲಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಚೆನ್ನಾದ ಏರ್ಪಾಡು. ಆದರೆ 1994ರವನಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಹಾಗಾಗಿ ಪ್ರತಿ ಆ್ಯಪ್‌ನ ಖಾತೆಯ ವಿವರಕ್ಕೆ ಹೋಗಿ ದಿನಾಂಕ ಸರಿಪಡಿಸಿ. ಕೆಲವು ಆ್ಯಪ್‌ಗಳು ಪುರಾವೆ ಕೇಳುತ್ತವೆ. ತೀರಾ ಒಪ್ಪದಿದ್ದರೆ ಹಳೆಯ ಖಾತೆ ಅಳಿಸಿ ನಿಜವಾದ ದಿನಾಂಕದಲ್ಲಿ ಹೊಸದು ತೆರೆಯುವುದೇ ಲೇಸು. ಫಾಲೋವರ್ಸ್ ಹೋದರೆಂದು ಎರಡು ದಿನ ಮುನಿಸು ಇರುತ್ತದೆ, ತಡೆದುಕೊಳ್ಳಿ. 13 ಆಗಿಲ್ಲದ ಮಗುವಾದರೆ ಖಾತೆಯೇ ಬೇಡ. ಈ ಒಂದು ವಿಷಯದಲ್ಲಿ ನಾನು ಚೌಕಾಸಿಗೆ ಇಳಿಯುವುದಿಲ್ಲ.

ಹಂತ 3: ಫೀಡ್ ತೊಳೆಯಿರಿ

ಇದನ್ನು ಮಗು ಮಲಗಿದ ಮೇಲೆ ಕದ್ದು ಮಾಡಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು, ಬೆರಳು ಅದರದ್ದೇ ಇರುವಂತೆ ನೋಡಿಕೊಳ್ಳಿ.

ಇನ್‌ಸ್ಟಾಗ್ರಾಮ್‌ನ ಸೆಟ್ಟಿಂಗ್ಸ್‌ನಲ್ಲಿ 'ಕಂಟೆಂಟ್ ಪ್ರಿಫರೆನ್ಸಸ್' ಇದೆ. ಅಲ್ಲಿ 'ರೀಸೆಟ್' ಒತ್ತಿದರೆ ಅಲ್ಲಿಯವರೆಗೆ ಆ್ಯಪ್ ಕಲಿತ ರುಚಿಯೆಲ್ಲ ಅಳಿಸಿಹೋಗುತ್ತದೆ. ಅದೇ ಜಾಗದಲ್ಲಿ 'ಸೆನ್ಸಿಟಿವ್ ಕಂಟೆಂಟ್' ಆಯ್ಕೆ ಕಂಡರೆ ಅದನ್ನು 'ಲೆಸ್' ಮಾಡಿ. ಟಿಕ್‌ಟಾಕ್‌ನಲ್ಲಿ 'ರಿಫ್ರೆಶ್' ಎಂಬ ಇಂಥದ್ದೇ ಗುಂಡಿ ಇದೆ. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ ಮತ್ತು ಸರ್ಚ್ ಹಿಸ್ಟರಿ ಎರಡನ್ನೂ ಅಳಿಸಬೇಕು, ಒಂದನ್ನು ಬಿಟ್ಟರೆ ಹಳೆಯ ವಾಸನೆ ಉಳಿಯುತ್ತದೆ.

ಅಳಿಸಿದ ಮೇಲೆ ಮೊದಲ ಕೆಲವು ದಿನ ಫೀಡ್ ಎಳೆಗರುವಿನ ಹಾಗೆ, ಎತ್ತ ಎಳೆದರೆ ಅತ್ತ ಹೋಗುತ್ತದೆ. ಬೇಡದ್ದು ಕಂಡರೆ ಬೇಗ ದಾಟಿಬಿಡುವುದು ಸಾಲದು, 'ನಾಟ್ ಇಂಟರೆಸ್ಟೆಡ್' ಒತ್ತುವುದನ್ನು ಮಗುವಿಗೆ ಕಲಿಸಿ. ಯೂಟ್ಯೂಬ್‌ನಲ್ಲಿ ಆ ಚಾನೆಲ್ಲನ್ನೇ ಇನ್ನು ಮುಂದೆ ತೋರಿಸಬೇಡ ಎನ್ನಬಹುದು. ನಾವಿಬ್ಬರೂ ಇದನ್ನು ಪಂದ್ಯದ ಹಾಗೆ ಆಡಿದೆವು: ಯಾರ ಫೋನ್ ಮೊದಲು ಶುದ್ಧವಾಗುತ್ತದೆ ನೋಡೋಣ ಅಂತ. ನನ್ನ ಫೀಡ್‌ನಲ್ಲೂ ಅಳಿಸಬೇಕಾದ್ದು ಸಾಕಷ್ಟಿತ್ತು, ಆ ವಿವರ ಇಲ್ಲಿ ಬೇಡ.

ಹಂತ 4: ಮೆಸೇಜ್ ಆ್ಯಪ್‌ಗಳ ಕಿಟಕಿ ಮುಚ್ಚಿ

ವಾಟ್ಸ್‌ಆ್ಯಪ್‌ನಲ್ಲಿ ಮೂರೇ ಕೆಲಸ. ಪ್ರೈವಸಿಯೊಳಗೆ 'ಗ್ರೂಪ್ಸ್' ಅನ್ನು 'ಮೈ ಕಾಂಟ್ಯಾಕ್ಟ್ಸ್' ಮಾಡಿದರೆ ಗುರುತಿಲ್ಲದವರು ಗ್ರೂಪಿಗೆ ಎಳೆದುಹಾಕಲಾರರು. 'ಸ್ಟೋರೇಜ್ ಆ್ಯಂಡ್ ಡೇಟಾ'ದಲ್ಲಿ ಫೋಟೋ, ವಿಡಿಯೋಗಳ ಆಟೋ ಡೌನ್‌ಲೋಡ್ ನಿಲ್ಲಿಸಿ. 'ಚಾಟ್ಸ್'ನಲ್ಲಿ 'ಮೀಡಿಯಾ ವಿಸಿಬಿಲಿಟಿ' ಆಫ್ ಮಾಡಿ. ಈ ಕೊನೆಯ ಎರಡನ್ನು ಮಾಡದಿದ್ದರೆ ಗ್ರೂಪಿನಲ್ಲಿ ಯಾವನೋ ಹಾಕಿದ್ದು ನಿಮ್ಮ ಮಗುವಿನ ಗ್ಯಾಲರಿಯಲ್ಲಿ ಹೋಗಿ ಕೂರುತ್ತದೆ, ಮಗು ಅದನ್ನು ತೆರೆದೇ ಇಲ್ಲದಿದ್ದರೂ. ಗ್ಯಾಲರಿಯಲ್ಲಿ ಕಂಡದ್ದಕ್ಕೆ ಬೈಸಿಕೊಂಡ ಅಮಾಯಕ ಮಕ್ಕಳನ್ನು ನಾನು ಬಲ್ಲೆ.

ಟೆಲಿಗ್ರಾಂನಲ್ಲೂ ಗ್ರೂಪಿಗೆ ಯಾರು ಸೇರಿಸಬಹುದು ಎಂಬುದನ್ನು ಪ್ರೈವಸಿಯಲ್ಲಿ ಬಿಗಿಮಾಡಬಹುದು. ಆದರೆ ಅಲ್ಲಿನ ಚಾನೆಲ್‌ಗಳನ್ನು ಹುಡುಕಿ ಸೇರುವುದು ತೀರಾ ಸಲೀಸು, ಶಾಲೆಗೆ ಹೋಗುವ ಮಗುವಿನ ಫೋನಿಗೆ ಅದರ ಅಗತ್ಯ ನನಗಂತೂ ಕಂಡಿಲ್ಲ. ಸ್ನ್ಯಾಪ್‌ಚಾಟ್‌ನಲ್ಲಿ 'ಫ್ಯಾಮಿಲಿ ಸೆಂಟರ್' ಇದೆ: ಮಗು ಯಾರ ಜೊತೆ ಮಾತಾಡುತ್ತಿದೆ ಎಂಬುದು ಕಾಣುತ್ತದೆ, ಏನು ಮಾತಾಡಿತು ಎಂಬುದು ಕಾಣುವುದಿಲ್ಲ. ಹದಿನಾಲ್ಕು ದಾಟಿದವರಿಗೆ ಅಷ್ಟು ಅಂತರ ಸರಿ ಅನಿಸುತ್ತದೆ.

ಹಂತ 5: ಫೋನಿನ ಮಟ್ಟದ ಬೇಲಿ

ಆಂಡ್ರಾಯ್ಡ್ ಆದರೆ ಗೂಗಲ್‌ನ ಫ್ಯಾಮಿಲಿ ಲಿಂಕ್, ಐಫೋನ್ ಆದರೆ ಸ್ಕ್ರೀನ್ ಟೈಮ್. ಎರಡೂ ಉಚಿತ. ಹೊಸ ಆ್ಯಪ್ ಹಾಕುವಾಗ ನಿಮ್ಮ ಒಪ್ಪಿಗೆ ಕೇಳುವಂತೆ ಮಾಡುವುದು ಮೊದಲ ಕೆಲಸ. ಐಫೋನಿನಲ್ಲಿ 'ಲಿಮಿಟ್ ಅಡಲ್ಟ್ ವೆಬ್‌ಸೈಟ್ಸ್' ಆರಿಸಿದರೆ ಸಫಾರಿಯ ಪ್ರೈವೇಟ್ ಬ್ರೌಸಿಂಗ್ ಕೂಡ ತಾನಾಗಿ ಬಂದ್ ಆಗುತ್ತದೆ, ಇದು ಬಹಳ ಜನರಿಗೆ ತಿಳಿದಿಲ್ಲ. 'ಕಮ್ಯುನಿಕೇಷನ್ ಸೇಫ್ಟಿ' ಆನ್ ಇದ್ದರೆ ಮೆಸೇಜಿನಲ್ಲಿ ಬಂದ ನಗ್ನ ಚಿತ್ರ ಮಸುಕಾಗಿ ಕಾಣುತ್ತದೆ, ತೆರೆಯುವ ಮುಂಚೆ ಎಚ್ಚರಿಕೆ ಬರುತ್ತದೆ. ಸ್ಕ್ರೀನ್ ಟೈಮ್‌ಗೆ ಇಡುವ ಪಾಸ್‌ಕೋಡ್ ಫೋನ್ ತೆರೆಯುವ ಪಾಸ್‌ಕೋಡ್ ಆಗಿರಬಾರದು. ಮನೆಯವರ ಹುಟ್ಟುಹಬ್ಬವೂ ಆಗಬಾರದು, ಮಕ್ಕಳು ಮೊದಲು ಒತ್ತಿ ನೋಡುವುದೇ ಅದನ್ನು.

ಗೂಗಲ್‌ನಲ್ಲಿ ಸೇಫ್‌ಸರ್ಚ್ 'ಫಿಲ್ಟರ್'ಗೆ ಇಡಿ. ಯೂಟ್ಯೂಬ್‌ನ 'ರಿಸ್ಟ್ರಿಕ್ಟೆಡ್ ಮೋಡ್' ಆನ್ ಮಾಡಿದರೆ ಕಾಮೆಂಟ್‌ಗಳೂ ಮಾಯವಾಗುತ್ತವೆ. ಅದೊಂದು ಲಾಭವೇ. ಆದರೆ ಅದು ಆನ್ ಆಗುವುದು ಆ ಒಂದು ಸಾಧನಕ್ಕೆ ಮಾತ್ರ, ಟಿವಿಯಲ್ಲಿ, ಲ್ಯಾಪ್‌ಟಾಪ್‌ನಲ್ಲಿ ಬೇರೆಬೇರೆಯಾಗಿ ಮಾಡಬೇಕು.

ಸೈಟಿನ ಹೆಸರು ನೋಡಿ ಅದಿರುವ ಜಾಗ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್ಎಸ್ ಎನ್ನುತ್ತಾರೆ. ಮನೆಯ ವೈಫೈ ರೂಟರ್‌ನಲ್ಲಿ ಡಿಎನ್ಎಸ್ ವಿಳಾಸವನ್ನು 1.1.1.3 ಎಂದು ಬದಲಿಸಿದರೆ ಆ ವೈಫೈ ಬಳಸುವ ಸಾಧನಗಳಲ್ಲಿ ಹೆಚ್ಚಿನ ಅಶ್ಲೀಲ ಸೈಟ್‌ಗಳು ತೆರೆಯುವುದಿಲ್ಲ. ಕ್ಲೌಡ್‌ಫ್ಲೇರ್ 2020ರಲ್ಲಿ ಕುಟುಂಬಗಳಿಗೆಂದೇ ಶುರುಮಾಡಿದ ಉಚಿತ ಸೇವೆ ಇದು. ಅದರ ಮಿತಿಯನ್ನೂ ಹೇಳಿಬಿಡುತ್ತೇನೆ. ಡಿಎನ್ಎಸ್ ತಡೆಯುವುದು ಸೈಟುಗಳನ್ನು. ಇನ್‌ಸ್ಟಾಗ್ರಾಮ್ ಒಳಗೆ ಬರುವ ರೀಲನ್ನು ಅದು ನೋಡುವುದೇ ಇಲ್ಲ, ಅದಕ್ಕೆ ಇನ್‌ಸ್ಟಾಗ್ರಾಮ್ ಪೂರ್ತಿ ಒಂದೇ ವಿಳಾಸ. ಮೊಬೈಲ್ ಡೇಟಾಕ್ಕೆ ಬದಲಾದರೆ ರೂಟರ್ ಇದ್ದೂ ಇಲ್ಲದ ಹಾಗೆ. ಇಂಥ ತಡೆಗಳನ್ನು ಸುತ್ತುಬಳಸಿ ದಾಟಿಸುವ ವಿಪಿಎನ್ ಆ್ಯಪ್ ಹಾಕುವುದನ್ನು ಕ್ಲಾಸಿನಲ್ಲಿ ಒಬ್ಬ ಕಲಿತರೆ ಸಂಜೆಯೊಳಗೆ ಎಲ್ಲರೂ ಕಲಿತಿರುತ್ತಾರೆ. ಅಲ್ಲದೆ ನಿಮ್ಮ ಮಗುವಿನ ಫೋನ್ ಎಷ್ಟು ಬಿಗಿಯಿದ್ದರೂ ಪಕ್ಕದ ಬೆಂಚಿನ ಫೋನ್ ಬಿಗಿಯಿರಬೇಕಲ್ಲ. ಸಣ್ಣ ಮಕ್ಕಳ ಕಾಲಿಗೆ ಆಕಸ್ಮಿಕವಾಗಿ ಮುಳ್ಳು ಚುಚ್ಚದಿರಲು ಬೇಲಿ ಬೇಕು, ಹಾರಲೇಬೇಕೆಂದವರನ್ನು ಅದು ತಡೆಯಲಾರದು.

ಹಂತ 6: ಮಾತು

ಇಷ್ಟೂ ಸೆಟ್ಟಿಂಗ್ಸ್ ಮಾಡಿಸಿಕೊಂಡು ಹೋದ ಬಂಧುಗಳಲ್ಲಿ ಅರ್ಧಕ್ಕರ್ಧ ಮಂದಿ ಈ ಹಂತಕ್ಕೆ ಬಂದಾಗ "ಅದೆಲ್ಲ ಹೇಗಪ್ಪಾ ಮಾತಾಡೋದು" ಎಂದು ಎದ್ದುಬಿಡುತ್ತಾರೆ. ಮುಜುಗರ ಆಗುತ್ತದೆ, ನಿಜ. ಹಾಗಾಗಿ ಎದುರುಬದುರು ಕೂತು ಮಾತಾಡಬೇಡಿ. ಗಾಡಿಯಲ್ಲಿ ಹೋಗುವಾಗ, ನಡೆಯುವಾಗ, ಪಾತ್ರೆ ಒರೆಸುವಾಗ, ಇಬ್ಬರ ಕಣ್ಣೂ ಬೇರೆ ಕಡೆ ಇರುವಾಗ ಆಡಿ. ಎರಡೇ ನಿಮಿಷ ಸಾಕು. ಒಂದೇ ಸಲ ಕೂರಿಸಿ ಪ್ರವಚನ ಕೊಟ್ಟು ಮುಗಿಸುವುದಕ್ಕಿಂತ ತಿಂಗಳಿಗೊಂದು ಸಲ ಎರಡು ನಿಮಿಷ ಮೇಲು.

ಎಂಟು-ಹತ್ತು ವರ್ಷದವರಿಗೆ ಇಷ್ಟು ಹೇಳಿದರೆ ಸಾಕು: "ಬಟ್ಟೆ ಇಲ್ಲದವರ ಚಿತ್ರ, ಹೊಟ್ಟೆಯಲ್ಲಿ ಏನೋ ಆಗುವಂಥ ವಿಡಿಯೋ ಬಂದರೆ ಫೋನ್ ಮಗುಚಿಟ್ಟು ನನ್ನ ಹತ್ತಿರ ಬಾ. ಬಂದದ್ದು ನಿನ್ನ ತಪ್ಪಲ್ಲ. ಫೋನ್ ಕಿತ್ಕೊಳ್ಳಲ್ಲ." ಕೊನೆಯ ಎರಡು ಪದಗಳಿಗೆ ಬೆಲೆ ಜಾಸ್ತಿ. ಮಕ್ಕಳು ಮುಚ್ಚಿಡುವುದು ನೋಡಿದ್ದಕ್ಕಲ್ಲ, ಫೋನ್ ಹೋಗುತ್ತದೆಂಬ ಭಯಕ್ಕೆ. ಒಮ್ಮೆ ಮಾತು ಕೊಟ್ಟ ಮೇಲೆ ಎಷ್ಟೇ ಸಿಟ್ಟು ಬಂದರೂ ಕಿತ್ತುಕೊಳ್ಳಬೇಡಿ. ಒಂದು ಸಲ ಕಿತ್ತುಕೊಂಡರೆ ಎರಡನೇ ಸಲ ಹೇಳಲು ಬರುವುದಿಲ್ಲ.

ಹದಿಮೂರು ದಾಟಿದವರಿಗೆ ಬೇರೆ ಮಾತು ಬೇಕು. ಮೈಬಗ್ಗೆ ಕುತೂಹಲ ಹುಟ್ಟುವುದು ಸಹಜ ಎಂಬುದನ್ನು ಮೊದಲು ಹೇಳಿ, ನಾಚಿಕೆಯ ಗಂಟು ಅಲ್ಲೇ ಸ್ವಲ್ಪ ಸಡಿಲಾಗುತ್ತದೆ. ಆಮೇಲೆ, ಅದು ಕ್ಯಾಮೆರಾ ಮುಂದೆ ದುಡ್ಡಿಗೆ ಮಾಡುವ ನಟನೆ, ಬೇಡದ್ದನ್ನು ಕತ್ತರಿಸಿ ಜೋಡಿಸಿದ್ದು ಎಂದು ಹೇಳಿ. ಒಬ್ಬರನ್ನೊಬ್ಬರು ಕೇಳುವುದು, ಬೇಡ ಎಂದರೆ ನಿಲ್ಲಿಸುವುದು ಅದರಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ, ನಿಜ ಬದುಕಿನಲ್ಲಿ ಅದೇ ಮೊದಲು ಬೇಕಾದದ್ದು. ಹುಡುಗಿಯರಿಗೆ "ಅಂಥ ಬಟ್ಟೆ ಹಾಕಿ ಫೋಟೋ ಹಾಕಬೇಡ" ಎಂಬಲ್ಲಿಗೆ ಮಾತು ನಿಲ್ಲಿಸುವ ಮನೆಗಳಲ್ಲಿ ಹುಡುಗರಿಗೆ "ಯಾರ ಫೋಟೋವನ್ನೂ ಕೇಳಬೇಡ" ಎಂದು ಹೇಳಿದ್ದನ್ನು ನಾನು ಕೇಳಿಸಿಕೊಂಡಿಲ್ಲ. ಎರಡನೆಯದನ್ನು ಮೊದಲು ಹೇಳಬೇಕಿತ್ತು.

ಮಗು ಬಂದು ಹೇಳಿದಾಗ ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯ "ಯಾರು ಕಳಿಸಿದ್ದು?" ಆಗದಿರಲಿ. "ಹೇಳಿದ್ದು ಒಳ್ಳೇದಾಯ್ತು" ಅನ್ನಿ. ಬೇಕಿದ್ದರೆ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಳ್ಳಿ, ನಾನು ಮಾಡಿಕೊಂಡಿದ್ದೇನೆ.

ಹಂತ 7: ಬೆದರಿಕೆ ಬಂದರೆ

ಇದನ್ನು ಬೇಡ ಎನಿಸಿದರೂ ಓದಿಟ್ಟುಕೊಳ್ಳಿ. ಚೆಂದದ ಹುಡುಗಿಯ ಹೆಸರಿನ ಖಾತೆಯೊಂದು ಫಾಲೋ ಮಾಡುತ್ತದೆ. ಒಂದಿಬ್ಬರು ಗೆಳೆಯರೂ ಅದರ ಪಟ್ಟಿಯಲ್ಲಿರುತ್ತಾರೆ, ಹಾಗಾಗಿ ಅನುಮಾನ ಬರುವುದಿಲ್ಲ. ಸ್ವಲ್ಪ ಹರಟೆ, ಆಮೇಲೆ "ಬೇರೆ ಆ್ಯಪಿಗೆ ಬಾ", ಆಮೇಲೆ ಒಂದು ಚಿತ್ರ, "ಈಗ ನಿನ್ನದು ಕಳಿಸು". ಹುಡುಗ ಕಳಿಸಿದ ಮರುಕ್ಷಣ ಆಚೆಯಿಂದ ಬರುವುದು ಅವನ ಫಾಲೋವರ್ಸ್ ಪಟ್ಟಿಯ ಸ್ಕ್ರೀನ್‌ಶಾಟ್ ಮತ್ತು ದುಡ್ಡಿನ ಬೇಡಿಕೆ. ಹೆಚ್ಚಾಗಿ ಗುರಿಯಾಗುವವರು 14ರಿಂದ 17ರ ಹುಡುಗರು ಎಂದು ಅಮೆರಿಕದ ಎಫ್‌ಬಿಐ ಮತ್ತೆ ಮತ್ತೆ ಎಚ್ಚರಿಸಿದೆ. ಇದು ಒಬ್ಬಿಬ್ಬರ ಕಿಡಿಗೇಡಿತನ ಅಲ್ಲ, ವ್ಯವಸ್ಥಿತವಾಗಿ ನಡೆಯುವ ದಂಧೆ: 2024ರ ಜುಲೈನಲ್ಲಿ ಮೆಟಾ ಕಂಪನಿ ನೈಜೀರಿಯಾದಿಂದ ನಡೆಯುತ್ತಿದ್ದ ಸುಮಾರು 63,000 ಇಂಥ ಇನ್‌ಸ್ಟಾಗ್ರಾಮ್ ಖಾತೆಗಳನ್ನು ತೆಗೆದುಹಾಕಿತು.

ಹೀಗಾದರೆ ದುಡ್ಡು ಕೊಡಬೇಡಿ. ಕೊಟ್ಟರೆ ಇನ್ನಷ್ಟು ಕೇಳುತ್ತಾರೆ. ಉತ್ತರಿಸುವುದು ನಿಲ್ಲಿಸಿ, ಆದರೆ ಚಾಟ್ ಅಳಿಸಬೇಡಿ, ಖಾತೆ ಮುಚ್ಚಬೇಡಿ. ಆ ಖಾತೆಯ ಹೆಸರು, ಪ್ರೊಫೈಲ್ ಲಿಂಕ್, ಬೆದರಿಕೆಯ ಮಾತುಗಳು, ದುಡ್ಡು ಹಾಕಲು ಕೊಟ್ಟ ವಿವರ, ಇವನ್ನೆಲ್ಲ ಉಳಿಸಿಕೊಳ್ಳಿ. ಆಮೇಲೆ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ಪೊಲೀಸರಿಗೆ ದೂರು ಕೊಡಿ. ಒಂದು ಎಚ್ಚರಿಕೆ: ಅಪ್ರಾಪ್ತರ ನಗ್ನ ಚಿತ್ರವನ್ನು ಸಾಕ್ಷಿಗೆಂದು ಕೂಡ ಬೇರೆಯವರಿಗೆ ಕಳಿಸಬೇಡಿ, ಬೇರೆಡೆ ಉಳಿಸಿಕೊಳ್ಳಬೇಡಿ. ಬಹಳಷ್ಟು ದೇಶಗಳಲ್ಲಿ ಅದೇ ಅಪರಾಧ.

ಚಿತ್ರ ಹರಡದಂತೆ ಮಾಡಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. 2023ರಲ್ಲಿ ಅಮೆರಿಕದ ಮಕ್ಕಳ ರಕ್ಷಣಾ ಕೇಂದ್ರವೊಂದು ಶುರುಮಾಡಿದ್ದು, ಬೇರೆ ದೇಶದವರೂ ಬಳಸಬಹುದು. ಹೆಸರು ಹೇಳಬೇಕಿಲ್ಲ. ಚಿತ್ರವನ್ನು ಎಲ್ಲಿಗೂ ಕಳಿಸಬೇಕಿಲ್ಲ, ನಿಮ್ಮ ಫೋನಿನಲ್ಲೇ ಅದರ ಬೆರಳಚ್ಚಿನಂಥ ಒಂದು ಸಂಖ್ಯೆ ತಯಾರಾಗುತ್ತದೆ, ಆ ಸಂಖ್ಯೆಯಷ್ಟೇ ಹೋಗುತ್ತದೆ. ಸೇವೆಗೆ ಸೇರಿದ ಆ್ಯಪ್‌ಗಳಲ್ಲಿ ಅದೇ ಚಿತ್ರ ಕಂಡರೆ ಗುರುತು ಸಿಕ್ಕಿ ತೆಗೆದುಹಾಕುತ್ತಾರೆ. 18 ದಾಟಿದವರಿಗೆ ಇದೇ ಬಗೆಯ 'ಸ್ಟಾಪ್ ಎನ್‌ಸಿಐಐ' ಇದೆ. ಎಐ ಬಳಸಿ ಮಾಡಿದ ನಕಲಿ ನಗ್ನ ಚಿತ್ರವಾದರೂ ಇದೇ ದಾರಿ ಹಿಡಿಯಬಹುದು.

ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಇಂಥ ಬೆದರಿಕೆಗೆ ಹೆದರಿ ಮಕ್ಕಳು ಪ್ರಾಣ ಕಳೆದುಕೊಂಡದ್ದುಂಟು. ದೂರಿನ ಕೆಲಸ ಬೆಳಗ್ಗೆಯೂ ಮಾಡಬಹುದು. "ಇದರಿಂದ ಹೊರಗೆ ಬರೋಣ, ನಾನಿದ್ದೀನಿ" ಎಂಬುದನ್ನು ಅಂದೇ ಹೇಳಬೇಕು.

ಕಳಿಸಿದ್ದು ನಿಮ್ಮ ಮಗುವೇ ಆದರೆ

ಗ್ರೂಪಿನಲ್ಲಿ ಸಹಪಾಠಿ ಹುಡುಗಿಯ ಖಾಸಗಿ ಚಿತ್ರ ಫಾರ್ವರ್ಡ್ ಮಾಡಿದ್ದು ಇನ್ಯಾರದೋ ಮನೆಯ ಹುಡುಗ ಎಂದುಕೊಂಡೇ ಎಲ್ಲರೂ ಓದುತ್ತಾರೆ. ಯಾರದಾದರೂ ಮನೆಯವನೇ ಆಗಿರಬೇಕಲ್ಲ. ಮುಚ್ಚಿಹಾಕಬೇಡಿ. ಅವನಿಂದಲೇ ಅಳಿಸಿಸಿ, ಎಷ್ಟು ಜನಕ್ಕೆ ಹೋಗಿದೆಯೋ ಅಷ್ಟೂ ಜನಕ್ಕೆ ಅಳಿಸಲು ಅವನೇ ಕೇಳಿಕೊಳ್ಳಲಿ. ಆ ಹುಡುಗಿಯ ಮನೆಯವರಿಗೆ ನೀವಾಗಿಯೇ ತಿಳಿಸಿ. ಅವರು ಬೈಯುತ್ತಾರೆ, ಬೈಸಿಕೊಳ್ಳಿ.

ಯಾವಾಗ ಸಡಿಲಿಸುವುದು?

ಎಂಟನೇ ವಯಸ್ಸಿನ ಬೇಲಿ ಹದಿನಾರಕ್ಕೆ ಚಿಕ್ಕದಾಗುತ್ತದೆ. ವರ್ಷಕ್ಕೊಮ್ಮೆ ಕೂತು ಒಂದೊಂದೇ ಬಿಚ್ಚುತ್ತಾ ಬನ್ನಿ, ಯಾವುದನ್ನು ಏಕೆ ಬಿಚ್ಚುತ್ತಿದ್ದೀರಿ ಎಂದು ಹೇಳಿ. ನಾನು ಕೊನೆಯವರೆಗೂ ಬಿಡದೆ ಇಡುವುದು ಎರಡು: ಗುರುತಿಲ್ಲದವರ ಮೆಸೇಜಿಗೆ ತಡೆ, ಮತ್ತು ರಾತ್ರಿ ಫೋನ್ ಮಲಗುವ ಕೋಣೆಯ ಹೊರಗೆ ಚಾರ್ಜಿಗೆ. ಎರಡನೆಯದು ಮನೆಯ ದೊಡ್ಡವರಿಗೂ ಅನ್ವಯಿಸಬೇಕು, ಇಲ್ಲದಿದ್ದರೆ ಒಂದು ವಾರದಲ್ಲಿ ಮುರಿದುಬೀಳುತ್ತದೆ.

ಆ್ಯಪ್ ಅಪ್‌ಡೇಟ್ ಆದಾಗ ಸೆಟ್ಟಿಂಗ್ಸ್ ಜಾಗ ಬದಲಿಸುವುದುಂಟು, ಇಲ್ಲಿ ಹೇಳಿದ ಹೆಸರು ಕಾಣದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕುವ ಪಟ್ಟಿಯಲ್ಲಿ ಟೈಪ್ ಮಾಡಿ. ಮೂರು ತಿಂಗಳಿಗೊಮ್ಮೆ ನೋಡಲು ಕ್ಯಾಲೆಂಡರಿನಲ್ಲಿ ನೆನಪೋಲೆ ಹಾಕಿಕೊಳ್ಳಿ. ಮಗು ಹೊಸ ಆ್ಯಪ್ ಹಾಕಿಕೊಂಡ ದಿನ ಮತ್ತೆ ಎರಡನೇ ಹಂತಕ್ಕೆ ಬನ್ನಿ, ಹುಟ್ಟಿದ ದಿನಾಂಕದಿಂದ ಶುರು.